ಮಾಸ್ತರರ ಶಿಫಾರಸು

"ಇದೂ ನಿಮ್ದ ಅಕ್ಷರ, ಇದೂ ನಿಮ್ದ ಅಕ್ಷರ," ಎನ್ನುತ್ತ ಕಾಲೇಜಿನ ಪ್ರಿನ್ಸಿಪಾಲರು ಎರಡು ಶಿಫಾರಸು ಪತ್ರಗಳನ್ನು ಮೇಜಿನ ಮೇಲೆ ಇಟ್ಟರು. "ಎರಡರಾಗೂ ಇಂಥಾ ಬುದ್ಧಿವಂತರನ್ನ ನನ್ನ ಸರ್ವಿಸ್‌ನಾಗ ಕಂಡಿಲ್ಲ ಅಂತ ಬರದೀರಿ. ಯಾವುದನ್ನ ನಂಬ್ಲಿರಿ ಮಾಸ್ತರ್ರ?"

ಗಿರಿಮಲ್ಲಪ್ಪ ಮಾಸ್ತರರು ಎರಡೂ ಪತ್ರಗಳನ್ನು ಹತ್ತಿರಕ್ಕೆಳೆದುಕೊಂಡು ನೋಡಿದರು. ಸಾವಳಗಿಯಿಂದ ಜಮಖಂಡಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದ ಕಾಲುಗಳು ನೋಯುತ್ತಿದ್ದವು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಕಲಿಸಿ ಅವರಿಗೆ ಸಾಕಾಗಿತ್ತು. ಜೂನ್ ಬಂತೆಂದರೆ ಮಕ್ಕಳ ತಂದೆತಾಯಂದಿರು ಮನೆಗೆ ಬಂದು ಕಟ್ಟೆಯ ಮೇಲೆ ಕೂರುವರು. "ನಾಕ ಸಾಲು ಛಲೋ ಬರೀರಿ, ನಿಮ್ಮ ಗಂಟೇನು ಹೋಗತೈತ್ರಿ?" ಎನ್ನುವರು. ಇಲ್ಲವೆನ್ನಲು ಮಾಸ್ತರರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಊರಿಗೆಲ್ಲ ಒಳ್ಳೆಯವನಾದವನ ಮಾತಿಗೆ ಕಿಮ್ಮತ್ತಿರುವುದಿಲ್ಲ ಎಂಬುದು ಈ ಕುರ್ಚಿಯಲ್ಲಿ ಕೂತ ಮೇಲೆಯೇ ತಿಳಿದದ್ದು.

ಪಕ್ಕದಲ್ಲಿ ಪ್ರತಿಮಾ ನಿಂತಿದ್ದಳು. ಅವಳ ಅಪ್ಪ ದಶರಥ, ಸಮೀರವಾಡಿಯ ಕಾರ್ಖಾನೆಯಲ್ಲಿ ಪಾಳಿ ತಪ್ಪಿಸಲಾಗದೆ, ಮಗಳನ್ನು ಮಾಸ್ತರರ ಜೊತೆ ಕಳಿಸಿದ್ದ. ಲೆಕ್ಕವನ್ನು ಕಣ್ಣಿನಲ್ಲೇ ಬಿಡಿಸುವ ಹುಡುಗಿ. ಕ್ಲಾಸಿನಲ್ಲಿ ಹಂತಗಳನ್ನು ಬಿಟ್ಟು ಬರೀ ಉತ್ತರ ಬರೆಯುತ್ತಿದ್ದಳು. ಮಾಸ್ತರರು ಖುಷಿಯಿಂದ ಪೂರ್ತಿ ಮಾರ್ಕ್ಸ್ ಹಾಕುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲೂ ಅವಳು ಹಾಗೇ ಬರೆದಳು. ಪೇಪರು ತಿದ್ದಿದವರಿಗೆ ಹಂತಗಳು ಬೇಕಿದ್ದವು. ಗಣಿತದಲ್ಲಿ ಐವತ್ತೊಂದು ಬಂತು.

"ಸೈನ್ಸಿನಾಗ ಉಳಿದದ್ದು ಒಂದ ಸೀಟು. ಮಾರ್ಕ್ಸ್ ನೋಡಿದ್ರ ಈ ಇನ್ನೊಂದು ಪತ್ರದಾಂವಗ, ಹೊರಗ ಕುಂತ ಈಶ್ವರಗ ಹೋಗಬೇಕು," ಎಂದರು ಪ್ರಿನ್ಸಿಪಾಲರು.

"ಈಕೀಗಿ ಒಂದು ಲೆಕ್ಕಾ ಕೊಟ್ಟು ನೋಡ್ರಿ."

"ಬಂದವರನ್ನೆಲ್ಲಾ ಪರೀಕ್ಷಾ ಮಾಡ್ಕೊಂತ ಕುಂದ್ರಲೇನ್ರಿ? ಅದಕ್ಕ ನಿಮ್ಮಂಥವರ ಮಾತು ಕೇಳತೀವಿ." ಪ್ರಿನ್ಸಿಪಾಲರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಎರಡರಾಗ ಯಾವುದು ಖರೆ, ನೀವ ಹೇಳ್ರಿ. ಈಕೀದು ಖರೆ ಅಂದ್ರ ಸೀಟು ಈಕೀಗಿ. ಇನ್ನೊಂದು ಹರದ ಒಗೀತೇನಿ."

ಈಶ್ವರ ಕೆಟ್ಟ ಹುಡುಗನಲ್ಲ. ಹೇಳಿಕೊಟ್ಟಷ್ಟನ್ನು ನಿಯತ್ತಿನಿಂದ ಮಾಡುವವನು. ಅವನ ತಾಯಿ ಗುರುಬಸವ್ವ ಬಂದಾಗ ಮಾಸ್ತರರು ಊಟಕ್ಕೆ ಕೂತಿದ್ದರು. ಅವಳನ್ನು ಕಾಯಿಸಬಾರದೆಂದು ಅರ್ಧಕ್ಕೇ ಎದ್ದು, ಕೈ ತೊಳೆದು ಬರೆದುಕೊಟ್ಟಿದ್ದರು. ಅಷ್ಟು ಹಗುರಾಗಿ ಬರೆದದ್ದಕ್ಕೆ ಈಗ ಅವರಿಗೆ ನಾಚಿಕೆಯಾಯಿತು.

"ಸರ, ನಾ ಆರ್ಟ್ಸ್ ತಗೋತೇನಿ ಬಿಡ್ರಿ," ಎಂದಳು ಪ್ರತಿಮಾ ಮೆಲ್ಲಗೆ.

"ನೀ ಸುಮ್ಮನಿರು." ಮಾಸ್ತರರು ಪ್ರಿನ್ಸಿಪಾಲರ ಕಡೆ ತಿರುಗಿದರು. "ಈಕೀದು ಖರೆ ಐತ್ರಿ. ಅವಂದು... ಅವಂದು ಸುಮ್ನ ಬರದಿದ್ದೆ."

ಪ್ರಿನ್ಸಿಪಾಲರು ಈಶ್ವರನ ಪತ್ರವನ್ನು ಹರಿದು ಬುಟ್ಟಿಗೆ ಹಾಕಿದರು. ಪ್ರತಿಮಾಳನ್ನು ಒಳಗಿನ ಕ್ಲಾರ್ಕರ ಬಳಿ ಕಳಿಸಿ ಮಾಸ್ತರರು ಹೊರಬಂದರು.

ವರಾಂಡದ ಬೆಂಚಿನ ಮೇಲೆ ಗುರುಬಸವ್ವ ಕೂತಿದ್ದಳು, ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ಈಶ್ವರ. ಮಾಸ್ತರರನ್ನು ಕಂಡು ಇಬ್ಬರೂ ಎದ್ದು ನಿಂತರು.

"ನಮ್ಮ ಸಲುವಾಗಿ ಇಲ್ಲೀತನಕ ಬಂದ್ರೇನ್ರಿ ಸರ?" ಅವಳ ಮುಖ ಅರಳಿತು. "ಲೇ ಈಶ್ವರಾ, ಸರ್ ಕಾಲಿಗಿ ಬೀಳು."

ಹುಡುಗ ಬಗ್ಗಿದ. ಮಾಸ್ತರರು ಕಾಲು ಹಿಂದಕ್ಕೆ ತೆಗೆಯಲು ಹೋದರು, ಹಿಂದೆ ಗೋಡೆಯಿತ್ತು.