ಮುಖ ತಿರುಗಿಸದೆ ಕುಡಿದವನು

ಇಪ್ಪತ್ತೆರಡು ವರ್ಷ ತೆಗ್ಯೊಮ್ ನನ್ನೆದುರು ಸೋಜು ಮದ್ಯ ಕುಡಿದದ್ದು ಮುಖ ಪಕ್ಕಕ್ಕೆ ತಿರುಗಿಸಿಯೇ. ಹಿರಿಯರ ಮುಂದೆ ಕಿರಿಯರು ಹಾಗೆ ಕುಡಿಯುವುದು ನಮ್ಮಲ್ಲಿ ಮರ್ಯಾದೆ. ಶಾಲೆಯ ಫುಟ್ಬಾಲ್ ತಂಡದಲ್ಲಿ ನನ್ನ ಬೂಟು ತೊಳೆದವನು ಅವನು. ಅವನಿಗೆ ಎಡಗಾಲಲ್ಲಿ ಚೆಂಡು ಹೊಡೆಯಲು ಕಲಿಸಿದವನು ನಾನು. ಮಂಡಿ ಕೆಟ್ಟು ಆಟ ಬಿಟ್ಟು ಕೋಚ್ ಆದಾಗ, ಕ್ಲಬ್ಬಿನವರು ಬೇಡವೆಂದರೂ ಹಟ ಹಿಡಿದು ಅವನನ್ನೇ ಸಹಾಯಕನಾಗಿ ಇಟ್ಟುಕೊಂಡೆ.

ಸತತ ಐದನೇ ಪಂದ್ಯ ಸೋತ ಮರುದಿನ ಮಧ್ಯಾಹ್ನ ಇಬ್ಬರೂ ಕ್ರೀಡಾಂಗಣದ ಹಿಂದಿನ ಸೂಪಿನಂಗಡಿಗೆ ಹೋದೆವು. ನಾನು ಸೋಜು ಸುರಿದುಕೊಟ್ಟೆ. ಅವನು ಲೋಟ ಎತ್ತಿ, ನನ್ನ ಮುಖವನ್ನೇ ನೋಡುತ್ತ ಕುಡಿದುಬಿಟ್ಟ. ಮರೆತಿದ್ದ, ಪಾಪ. ಮನಸ್ಸಿನಲ್ಲಿ ಆಗಲೇ ದೊಡ್ಡವನಾಗಿಬಿಟ್ಟಿದ್ದ.

“ಯಾವತ್ತು ಕೊಟ್ರೋ ನಿನಗೆ ನನ್ನ ಕೆಲಸ?” ಎಂದೆ.

ಅವನ ಮುಖ ಬಿಳಿಚಿಕೊಂಡಿತು. “ಹೋದ ವಾರ, ಅಣ್ಣ. ನೀವೇ ರಾಜೀನಾಮೆ ಕೊಟ್ರಿ ಅಂತ ನಾಳೆ ಪೇಪರಿನವರಿಗೆ ಹೇಳ್ತಾರಂತೆ. ನಾನು ಬೇಡ ಅಂದೆ.”

“ಎಷ್ಟು ಸಲ ಅಂದೆ?”

“ಒಂದ್ಸಲ.”

“ಒಂದ್ಸಲ! ನೆಂಟರ ಮನೇಲಿ ಇನ್ನೊಂದು ತುತ್ತು ಬೇಡ ಅನ್ನೋಕೂ ಮೂರು ಸಲ ಹೇಳ್ತೀವಲ್ಲೋ!”

ಅವನು ತಲೆ ತಗ್ಗಿಸಿದ. ಒಲೆಯ ಕಡೆಯಿಂದ ಅಂಗಡಿಯ ಅಜ್ಜಿ ಎಂದಿನಂತೆ ಕೂಗಿದಳು: “ಕೋಚ್ ಸಾಹೇಬ್ರೇ, ಇನ್ನೊಂಚೂರು ಸೂಪ್ ಹಾಕ್ಲಾ?”

ಏಳು ವರ್ಷದಿಂದ ಅಜ್ಜಿ ಹಾಗೆ ಕರೆಯುತ್ತಿದ್ದುದು ನನ್ನನ್ನು. ನಾನು ಬಾಯಿ ತೆರೆಯುವಷ್ಟರಲ್ಲಿ ತೆಗ್ಯೊಮ್ ತಲೆ ಎತ್ತಿ, “ಸಾಕು ಅಜ್ಜಿ,” ಎಂದ.