ಮೂರನೆಯ ಸಾಲು

“ನೀರ ಕಾದಾವೇನ?”

ಬಚ್ಚಲಿನ ಕಡೆ ಮುಖ ಮಾಡಿ ಕೇಳಿದ ಮೇಲೆಯೇ, ಒಲೆ ಹೊತ್ತಿಸಬೇಕಾದವನು ತಾನೇ ಎಂದು ಮಡಿವಾಳಪ್ಪನಿಗೆ ನೆನಪಾಯಿತು. ಹೆಂಡತಿ ನೀಲಗಂಗವ್ವ ದಾಸನಕೊಪ್ಪದ ಅಣ್ಣನ ಮನೆ ಸೇರಿ ಎಂಟು ತಿಂಗಳಾಗಿತ್ತು. ಮುಂಬೈ ಸರಕಾರದ ಸ್ಟಾಂಪು ಕಾಗದದ ಮೇಲೆ ಬಿಡುಗಡೆಯ ಸೋಡಚೀಟಿ ಬರೆಸಿ, ಹಿರಿಯರ ಮುಂದೆ ಇಬ್ಬರೂ ಹೆಬ್ಬೆಟ್ಟು ಒತ್ತಿದ್ದರು. ಹೊಡೆತ ಬಡಿತ ಏನೂ ಇರಲಿಲ್ಲ. “ಇವರು ಎತ್ತಿನ ಸಂಗಡ ಮಾತಾಡ್ತಾರ, ನನ್ನ ಸಂಗಡ ಇಲ್ಲ” ಎಂದಷ್ಟೇ ಆಕೆ ಹೇಳಿದ್ದಳು. ಹಿರಿಯರು ನಕ್ಕರು. ಆಕೆ ನಗಲಿಲ್ಲ.

ತಣ್ಣೀರಲ್ಲೇ ಮಿಂದು ಪೂಜೆಗೆ ಕೂತ. ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಕಾದ. ಹನ್ನೆರಡು ವರ್ಷ ಈ ಹೊತ್ತಿಗೆ ಅಡುಗೆಮನೆಯಿಂದ ಆಕೆಯ ದನಿ ಬರುತ್ತಿತ್ತು. ಅವಳಜ್ಜಿ ಕಟ್ಟಿದ ನಾಲ್ಕು ಸಾಲಿನ ಪದ. ರೊಟ್ಟಿ ಬಡಿಯುತ್ತಲೇ ಹಾಡುತ್ತಿದ್ದಳು. ಅದು ಮುಗಿದ ಮೇಲೆ ಇವನು ಕಣ್ಣು ತೆರೆಯುತ್ತಿದ್ದ. ಈಗ ಎರಡು ಸಾಲು ಬಾಯಿಗೆ ಬರುತ್ತಿದ್ದವು. ಮೂರನೆಯದು ದೀಪದ ಎಣ್ಣೆಯಿಂದ ಸುರುವಾಗಿ ಎಲ್ಲೋ ತಪ್ಪಿಹೋಗುತ್ತಿತ್ತು. ಪದ ಮುಗಿಯದೆ ಪೂಜೆ ಮುಗಿದಂತೆನಿಸದು. ಪೂಜೆ ಮುಗಿಯದೆ ಉಣ್ಣುವಂತಿಲ್ಲ. ಇತ್ತೀಚೆಗೆ ಮಧ್ಯಾಹ್ನದ ತನಕ ಅಂಗೈ ಚಾಚಿಕೊಂಡೇ ಕೂತಿರುತ್ತಿದ್ದ.

ನೆರೆಮನೆಯ ಮುದುಕಿ ಪಾರ್ವತವ್ವ ಇಣುಕಿದಳು. “ಹಿಂಗಾದ್ರ ಶಿವನೂ ಉಪಾಸ, ನೀನೂ ಉಪಾಸ. ಹೋಗಿ ಕೇಳ್ಕೊಂಡ ಬಾರೋ. ಪದಕ್ಕೂ ಸೋಡಚೀಟಿ ಆಗೇತೇನ?”

ಮರುದಿನ ಗಾಡಿ ಕಟ್ಟಿ ಹೋದ. ಅಣ್ಣನ ಮನೆಯ ಅಂಗಳದಲ್ಲಿ ನೀಲಗಂಗವ್ವ ಅಕ್ಕಿ ಕೇರುತ್ತಿದ್ದಳು. ಬಾಗಿಲಲ್ಲಿ ನಿಂತು ಎಂದಿನಂತೆ ಕೆಮ್ಮಿದ. ಆಕೆ ತಟ್ಟನೆ ಸೆರಗು ತಲೆಗೆಳೆದು ಎದ್ದು ನಿಂತಳು. ಆಮೇಲೆ ಮೆಲ್ಲಗೆ ಕೂತಳು.

“ಬರ್ರಿ. ಏನ ಬಂದ್ರಿ?”

“ಮೂರನೇ ಸಾಲು ಹೇಳು. ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ.”

“ಹನ್ನೆರಡು ವರ್ಷ ಕೇಳಿದ್ರಲ್ಲ?”

“ಕೇಳ್ತಿದ್ದೆ. ನೀ ಇರ್ತೀ ಅಂತ ಕಲೀಲಿಲ್ಲ.”

ಮೊರ ನಿಂತಿತು. ಅಷ್ಟು ಉದ್ದದ ಮಾತನ್ನು ಅವನು ಆಕೆಗೆ ಆಡಿದ್ದೇ ಅಪರೂಪ. ಆಕೆ ಅಕ್ಕಿಯಲ್ಲಿ ಒಂದು ಕಲ್ಲು ಹುಡುಕಿ ಆಚೆ ಎಸೆದಳು.

“ಹೇಳಿದ್ರ, ನಾಳೆ ನಾಲ್ಕನೇದಕ್ಕ ಬರ್ತೀರಿ.”

ಅವನು ಹೌದೆಂಬಂತೆ ತಲೆಯಾಡಿಸಿದ.

ಗಂಡನ ಹೆಸರನ್ನು ಆಕೆ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಸೋಡಚೀಟಿ ಬರೆಸುವಾಗಲೂ ಅಣ್ಣನೇ ಹೇಳಿದ್ದ. ಈಗ ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಇಳಿಸಿದಳು.

“ಇಲ್ಲ ಮಡಿವಾಳಪ್ಪ,” ಎಂದಳು. “ಹೇಳೂದಿಲ್ಲ.”