ಅಪ್ಪ ಮಾಡಿದ ಕುರ್ಚಿ

ಕುರ್ಚಿಯಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ. ಅವಳ ಸಿಟ್ಟಿಗೆ ಅದೇ ತುಪ್ಪ ಸುರಿಯಿತು.

ಹೋಟೆಲಿನ ಲಾಂಡ್ರಿಯ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕೆಮ್ಮು ಕೇಳಿಸಿತ್ತು. ದೊಡ್ಡವರ ಕೆಮ್ಮಲ್ಲ. ಓಡಿಹೋಗಿ ನೋಡಿದರೆ ಅಡುಗೆಮನೆಯ ನಡುವೆ ಹೊಸ ಮರದ ಕುರ್ಚಿ, ಅದರಲ್ಲಿ ಎರಡು ದಿಂಬುಗಳ ನಡುವೆ ಸಿಕ್ಕಿಸಿದ ಹಾಗೆ ಮಗಳು ಗುಬ್ಬಿ. ಐದು ತಿಂಗಳೂ ತುಂಬದ ಕೂಸು. ಮುಖ ಕೆಂಡ, ಕತ್ತು ಒಂದು ಕಡೆಗೆ ವಾಲಿದೆ. ಎದುರಿಗೆ ಅತ್ತೆ, ಕೈಯಲ್ಲಿ ಹಿಸುಕಿದ ಆಲೂಗಡ್ಡೆಯ ಬಟ್ಟಲು. ಪಕ್ಕದಲ್ಲಿ ಬಡಗಿ ಗಂಡ. ಕುರ್ಚಿ ಮಾಡಿದ ಹೆಮ್ಮೆಯ ನಗು ಅವನ ಮುಖದಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ.

ಮಗುವನ್ನು ಕಿತ್ತುಕೊಂಡು ತೋಳಿನ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದಳು. ಆಲೂಗಡ್ಡೆಯ ಪುಟ್ಟ ಗಂಟೊಂದು ಬಾಯಿಂದ ಹೊರಗೆ ಬಿತ್ತು. ಆಮೇಲೆ ಅಳು. ಆ ಅಳು ಕೇಳಿದ ಮೇಲೇ ಅವಳಿಗೆ ಉಸಿರು ಬಂದದ್ದು.

"ಏನು ತಿನ್ನಿಸಿದ್ರಿ?"

"ವಿಷ ಅಲ್ಲ ಕಣೆ, ಆಲೂಗಡ್ಡೆ," ಅಂದರು ಅತ್ತೆ. "ಇಟ್ಟಷ್ಟನ್ನೂ ನಾಲಿಗೆಯಲ್ಲಿ ಹೊರಗೆ ತಳ್ತಾಳೆ. ಗಲ್ಲದಿಂದ ಬಾಚಿ ಬಾಚಿ ಮತ್ತೆ ಇಟ್ಟೆ."

"ಬೇಡ ಅಂತ ತಳ್ಳಿದ್ದನ್ನ ಮತ್ತೆ ತುರುಕಿದ್ರಾ?"

"ಇವನಿಗೂ ಹಾಗೇ ತುರುಕಿದ್ದು. ನೋಡು, ಬಾಗಿಲು ತುಂಬ ಬೆಳೆದು ನಿಂತಿದಾನೆ."

"ಬೆಳೆದಿದಾರೆ, ಬುದ್ಧಿಯೊಂದು ಬಿಟ್ಟು!"

ಗಂಡ ಬಾಯಿ ಬಿಟ್ಟ. "ನೀನೇ ಅಲ್ವಾ ಹೇಳಿದ್ದು? ಡಾಕ್ಟರಮ್ಮ ಅಂದ್ರು ಅಂತ. ಕೂರೋ ಹಾಗಾದ್ರೆ ಊಟ ಶುರು ಮಾಡಬಹುದು ಅಂತ. ಪಾಪ, ಕೂರಕ್ಕೆ ಆಗ್ತಿರಲಿಲ್ಲ. ಅದಕ್ಕೇ ಇದನ್ನ ಮಾಡಿದೆ. ಈಗ ಕೂತಳು."

ಅವಳು ಚಾಪೆಯ ಮೇಲೆ ಮಗುವನ್ನು ಕೂರಿಸಿ, ಎರಡೂ ಕೈಗಳನ್ನು ಒಂದಿಷ್ಟೇ ದೂರ ಸರಿಸಿದಳು. ಮೆಷಿನ್ನಿನಿಂದ ತೆಗೆದ ಒದ್ದೆ ಬೆಡ್‌ಶೀಟಿನ ಹಾಗೆ ಗುಬ್ಬಿ ಮಡಚಿಕೊಂಡಳು. ನೆಲ ಮುಟ್ಟುವ ಮೊದಲೇ ಹಿಡಿದಳು.

"ಇದು ಕೂತಿದ್ದಾ? ಕೂತಿದ್ದು ನಿಮ್ಮ ಮರ! ಬಾಗಿಲು ಕೂರದಿದ್ರೆ ಉಳಿ ಹಾಕಿ ಕೂರಿಸ್ತೀರಿ. ಇವಳ ಬೆನ್ನಿಗೂ ಉಳಿ ಹಾಕ್ತೀರಾ? ಕತ್ತು ನಿಲ್ಲಬೇಕು, ನಾಲಿಗೆ ಹೊರಗೆ ತಳ್ಳೋದು ನಿಲ್ಲಬೇಕು, ಅದೆಲ್ಲ ಆರು ತಿಂಗಳ ಹೊತ್ತಿಗೆ ತಾನಾಗೇ ಬರುತ್ತೆ ಅಂತಲೂ ಅಂದಿದ್ರು. ಅದು ಯಾರ ಕಿವಿಗೂ ಬೀಳಲಿಲ್ಲ!"

ಬಡಗಿ ತಲೆ ತಗ್ಗಿಸಿ ಕುರ್ಚಿಯ ತೋಳನ್ನು ಸವರಿದ. ಎಳೆಯ ಕೈಗೆ ಸಿಬಿರು ಚುಚ್ಚಬಾರದೆಂದು ಅಡಿಭಾಗಕ್ಕೂ ಉಪ್ಪುಕಾಗದ ಹಾಕಿ ಉಜ್ಜಿದ್ದ. ಅವಳ ಕಣ್ಣಿಗೂ ಅದು ಬಿತ್ತು. ಅಷ್ಟು ಪ್ರೀತಿ ಇಟ್ಟುಕೊಂಡು ಇಷ್ಟು ಪೆದ್ದತನವೇ ಎಂದು ಮೈಯೆಲ್ಲ ಉರಿಯಿತು.

"ನಾಳೆಯಿಂದ ನಾನು ಕೆಲಸಕ್ಕೆ ಹೋಗಲ್ಲ. ಇವಳನ್ನ ಯಾರನ್ನ ನಂಬಿ ಬಿಟ್ಟು ಹೋಗಲಿ?"

ಅತ್ತೆ ಬಟ್ಟಲನ್ನು ಕುಕ್ಕಿದರು. "ನಂಬಬೇಡ. ಆದ್ರೆ ಒಂದು ಹೇಳು. ನೀನು ಇಟ್ಟುಹೋಗೋ ಹಾಲು ಈ ವಾರವೆಲ್ಲ ಮಧ್ಯಾಹ್ನಕ್ಕೇ ಮುಗೀತಿದೆ. ಆಮೇಲೆ ನೀನು ಬರೋತನಕ ಈ ಕೂಸು ಗಂಟಲು ಹರ್ಕೊಳ್ಳುತ್ತೆ. ನಾನೇನು ಕಲ್ಲಾ?"

ಹಾಲು ಯಾಕೆ ಕಡಿಮೆಯಾಯಿತು ಅನ್ನುವುದು ಅವಳು ಮನೆಯಲ್ಲಿ ಹೇಳದೆ ನುಂಗಿಕೊಂಡಿದ್ದ ಮಾತು. ಲಾಂಡ್ರಿಗೆ ಹೊಸ ಸೂಪರ್‌ವೈಸರ್ ಬಂದ ಮೇಲೆ, ಎದೆಹಾಲು ಹಿಂಡಿ ಮನೆಗೆ ತರಲು ಸಿಗುತ್ತಿದ್ದ ಬಿಡುವು ಹೋಗಿತ್ತು. ‘ಹಾಲಿನ ಡೇರಿ ಮನೇಲಿ ಇಟ್ಕೊ’ ಅಂದಿದ್ದ. ಎದೆ ಕಟ್ಟಿ ನೋಯುತ್ತಿದ್ದರೂ ಅವಳು ಶೀಟು ಮಡಚುತ್ತಲೇ ಇದ್ದಳು. ಈಗ ಅದನ್ನು ಹೇಳುವಾಗ ಕಣ್ಣೀರು ಬಂತು, ದುಃಖದ್ದಲ್ಲ.

ಅತ್ತೆ ಕೇಳಿದರು. ಸೆರಗಿನಿಂದ ಮಗುವಿನ ಗಲ್ಲ ಒರೆಸಿದರು. "ಇಷ್ಟು ದಿನ ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?" ಅಂದರು.

ಅವಳು ಮರುದಿನ ಕೆಲಸಕ್ಕೆ ಹೋದಳು, ಒಬ್ಬಳೇ ಅಲ್ಲ. ಮಗುವನ್ನು ಎತ್ತಿಕೊಂಡು ಅತ್ತೆಯೂ ಹೊರಟರು, ಬೆಳಗ್ಗೆಯಿಂದ ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತರು. ಮಧ್ಯಾಹ್ನ ಗುಬ್ಬಿ ರಾಗ ತೆಗೆದದ್ದೇ ಎದ್ದು ಸೀದಾ ಒಳಗೆ ಬಂದರು.

"ಅಜ್ಜಿ, ಇದೇನು ಛತ್ರ ಅಂದ್ಕೊಂಡ್ರಾ?" ಸೂಪರ್‌ವೈಸರ್ ಅಡ್ಡ ಬಂದ.

"ಇಲ್ಲಪ್ಪ, ಲಾಂಡ್ರಿ ಅಂತ ಬೋರ್ಡಿದೆ, ಓದೋಕೆ ಬರುತ್ತೆ ನಂಗೆ. ನೀನೂ ಒಬ್ಬ ತಾಯಿಯ ಹಾಲು ಕುಡಿದೇ ಬೆಳೆದಿರಬೇಕು. ಸರ್ಕೋ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇಸ್ತ್ರಿಯ ಮೇಜಿನ ಇಬ್ಬರು ಹೆಂಗಸರು, ಯಾರೂ ಹೇಳದೆಯೇ, ದೊಡ್ಡ ಶೀಟೊಂದನ್ನು ಎರಡು ತುದಿಗೆ ಹಿಡಿದು ಅವನ ಮೂಗಿನ ಮುಂದೆಯೇ ಪರದೆ ಕಟ್ಟಿದರು. ಅದರ ಹಿಂದೆ ಅವಳು ಬಟ್ಟೆ ಗಂಟಿನ ಮೇಲೆ ಕೂತು ಮಗುವನ್ನು ಎದೆಗೆ ಹಾಕಿಕೊಂಡಳು. ಗುಬ್ಬಿ ಗುಟುಕು ಗುಟುಕಾಗಿ ಕುಡಿದಳು.

"ನಿಮ್ಮ ಮೇಲೆ ನಂಗಿನ್ನೂ ಸಿಟ್ಟಿದೆ ಅತ್ತೆ," ಅಂದಳು.

"ಇರ್ಲಿ. ಮೊದಲು ಆ ಕಡೆಯದನ್ನೂ ಕುಡಿಸು," ಅಂದರು ಅತ್ತೆ, ಪರದೆಗೆ ಬೆನ್ನು ಕೊಟ್ಟು ಕಾವಲು ನಿಂತು.